ಕೈಗಳಿಗೆ ಬಿಡುವು, ಕೆಲಸಕ್ಕೆ ಸಮಯ

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರಗಳನ್ನು ಬದಲಿಸಿದ್ದೇನೆ.)

ಶೈಲಜಾ ಮೂವತ್ತು ದಾಟಿದ ಫಿಸಿಯೋಥೆರಪಿಸ್ಟ್. ಫಿಸಿಯೋಥೆರಪಿಯ ನಾಲ್ಕೂವರೆ ವರ್ಷದ ಪದವಿ ಬಿಪಿಟಿ ಮುಗಿಸಿ, ನರರೋಗಿಗಳ ಚಿಕಿತ್ಸೆಯಲ್ಲಿ ಸ್ನಾತಕೋತ್ತರ ಪದವಿ ಪಡೆದು, ಮಧ್ಯ ಕರ್ನಾಟಕದ ನಗರವೊಂದರ ಖಾಸಗಿ ಚಿಕಿತ್ಸಾಲಯದಲ್ಲಿ ದುಡಿಯುತ್ತಿದ್ದರು. ರಾತ್ರಿ ನಿದ್ರೆ ಇಲ್ಲ, ರೋಗಿಗಳ ಮೇಲೆ ಸಿಡುಕು, ವೃತ್ತಿಯನ್ನೇ ಬಿಡುವ ಯೋಚನೆ ಎಂದು ಆಪ್ತಸಲಹೆಗಾಗಿ ನನ್ನ ಬಳಿ ಬಂದರು. ಕೆನಡಾಕ್ಕೆ ಹೋಗುವ ಅರ್ಜಿಯನ್ನು ಅರ್ಧ ತುಂಬಿಸಿಟ್ಟಿದ್ದರು. ಮಾತನಾಡುವಾಗ ಎಡಗೈಯಿಂದ ಬಲ ಹೆಬ್ಬೆರಳಿನ ಬುಡವನ್ನು ಒತ್ತಿಕೊಳ್ಳುತ್ತಲೇ ಇದ್ದರು.

ಅವರ ದಿನಚರಿ ಕೇಳಿದೆ. ಒಂದೇ ಹೊತ್ತಿಗೆ ನಾಲ್ಕು ಮಂಚ. ಒಬ್ಬರಿಗೆ ಐಎಫ್‌ಟಿ (ನೋವಿಗೆ ಲಘು ವಿದ್ಯುತ್ ಹಾಯಿಸುವ ಚಿಕಿತ್ಸೆ), ಇನ್ನೊಬ್ಬರಿಗೆ ಟ್ರ್ಯಾಕ್ಷನ್ (ಕುತ್ತಿಗೆ ಅಥವಾ ಸೊಂಟವನ್ನು ಮೆಲ್ಲಗೆ ಎಳೆದು ಹಿಡಿಯುವುದು), ಮತ್ತಿಬ್ಬರಿಗೆ ಬಿಸಿ ಪ್ಯಾಕ್. ಬರುವವರು ಕೂಡ "ಮೇಡಂ, ಕರೆಂಟ್ ಇಡಿ" ಎಂದೇ ಕೇಳುತ್ತಾರೆ. ವ್ಯಾಯಾಮ ಹೇಳಿಕೊಡಲು ಕುಳಿತರೆ ಮುಂದಿನವರು ಬಾಗಿಲಲ್ಲಿ ನಿಂತಿರುತ್ತಾರೆ. "ಮಸಾಜ್ ಮಾಡುವವರಿಗೆ ಇಷ್ಟೊಂದು ಶುಲ್ಕವೇ?" ಎಂದು ಮುಖಕ್ಕೇ ಹೇಳಿದವರಿದ್ದಾರೆ. 2021ರ ಕೇಂದ್ರ ಕಾಯ್ದೆಯೊಂದು ಈ ವೃತ್ತಿಗೆ ರಾಷ್ಟ್ರೀಯ ಮಟ್ಟದಲ್ಲಿ ಕಾನೂನಿನ ಚೌಕಟ್ಟು ಕೊಟ್ಟಿದೆ. ಜನರ ಕಣ್ಣಲ್ಲಿ ಆ ಮಾನ ಇನ್ನೂ ಬಂದಿಲ್ಲ ಎಂಬ ಅವರ ನೋವು ನನಗೆ ನ್ಯಾಯವಾಗಿಯೇ ಕಂಡಿತು.

ನಿದ್ರೆ ಕೆಡಿಸಿದ್ದು ಮಾತ್ರ ಒಬ್ಬ ರೋಗಿ. ಬಲಭಾಗಕ್ಕೆ ಲಕ್ವ ಹೊಡೆದ ನಿವೃತ್ತ ಶಿಕ್ಷಕರು. "ಅಪ್ಪ ಯಾವಾಗ ನಡೆಯುತ್ತಾರೆ?" ಎಂದು ಮಗ ದಿನವೂ ಕೇಳುತ್ತಿದ್ದ. ಒಂದು ದಿನ ಒತ್ತಾಯ ತಾಳಲಾರದೆ ಶೈಲಜಾ "ಮೂರು ತಿಂಗಳಲ್ಲಿ" ಎಂದುಬಿಟ್ಟರು. ಆ ಗಡುವು ಮುಗಿದಿತ್ತು. ಮೇಷ್ಟರು ಇನ್ನೂ ಗಾಲಿಕುರ್ಚಿಯಲ್ಲೇ ಇದ್ದರು. ಅವರು ಬರುವ ಹೊತ್ತಿಗೆ ಶೈಲಜಾ ಬೇರೆ ಕೋಣೆಗೆ ಸರಿಯತೊಡಗಿದ್ದರು.

ಮೇಷ್ಟರಿಗೆ ಮೊದಲ ವಾರ ಏನು ಮಾಡಿದಿರಿ ಎಂದು ಕೇಳಿದೆ. ಶೈಲಜಾ ಕುರ್ಚಿಯಿಂದ ಎದ್ದೇಬಿಟ್ಟರು. ಮನೆಯವರು ಲಕ್ವವಾದ ಕೈಯನ್ನೋ ಕಂಕುಳನ್ನೋ ಹಿಡಿದು ಎಳೆದು ಎಬ್ಬಿಸುತ್ತಾರೆ, ಸ್ನಾಯುಗಳು ಸೋತಿರುವಾಗ ಭುಜದ ಕೀಲು ಕೆಳಕ್ಕೆ ಜಾರಿರುತ್ತದೆ, ಎಳೆದಷ್ಟೂ ನೋವು ಹೆಚ್ಚುತ್ತದೆ ಎಂದರು. ಖಾಲಿ ಕುರ್ಚಿಯಲ್ಲಿ ಮೇಷ್ಟರು ಕುಳಿತಿದ್ದಾರೆಂದುಕೊಂಡು, ಪಾದಗಳನ್ನು ಹಿಂದಕ್ಕೆ ಸರಿಸಿ, ಎದೆ ಮುಂದಕ್ಕೆ ಬಾಗಿಸಿ, ಸೊಂಟದ ಬಳಿ ಆಧಾರ ಕೊಟ್ಟು ಎಬ್ಬಿಸುವುದನ್ನು ತೋರಿಸಿದರು. ಸೊಸೆಗೆ ಅದನ್ನು ಕಲಿಸಿದ ಮೇಲೆ ಭುಜದ ನೋವು ಇಳಿದಿತ್ತಂತೆ. ಅಷ್ಟು ಹೊತ್ತು ಹೆಬ್ಬೆರಳಿನ ನೆನಪೂ ಅವರಿಗಿರಲಿಲ್ಲ.

ಇದನ್ನು ನೋಡಿದ ಮೇಲೆ ನನಗೆ ವಿಷಯ ಸ್ಪಷ್ಟವಾಯಿತು. ಬಿಡುವಿಲ್ಲದ ಬಳಲಿಕೆ, ಕೆಲಸದಿಂದ ಮನಸ್ಸು ದೂರ ಸರಿಯುವುದು, ತನ್ನಿಂದ ಏನೂ ಆಗುತ್ತಿಲ್ಲವೆಂಬ ಭಾವನೆ: ವೃತ್ತಿಯ ದಣಿವಿನ ಲಕ್ಷಣಗಳೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸುವ ಈ ಮೂರೂ ಅವರಲ್ಲಿದ್ದವು. ಆದರೆ ರೋಗಿಗಳ ಮೇಲಿನ ಅಕ್ಕರೆ ಬತ್ತಿರಲಿಲ್ಲ. ತನಗೆ ಗೊತ್ತಿರುವುದನ್ನು ರೋಗಿಗೆ ಕೊಡಲು ಸಮಯ ಸಿಗದಿರುವುದೇ ಅವರನ್ನು ಸುಡುತ್ತಿತ್ತು. ಇಂಥವರಿಗೆ "ಹೆಚ್ಚು ಹಚ್ಚಿಕೊಳ್ಳಬೇಡಿ" ಎಂಬ ಸಲಹೆ ಕೊಡುವುದು ತಪ್ಪೆಂದು ನಾನು ಬಲವಾಗಿ ನಂಬುತ್ತೇನೆ.

ಮೊದಲು ಮೇಷ್ಟರ ಮನೆಯವರನ್ನು ಕೂರಿಸಿಕೊಂಡು ಗಡುವಿನ ಮಾತನ್ನು ನೇರವಾಗಿ ಹಿಂತೆಗೆದುಕೊಳ್ಳಲು ಹೇಳಿದೆ. ಲಕ್ವದ ನಂತರದ ಚೇತರಿಕೆ ಸಾಮಾನ್ಯವಾಗಿ ಮೊದಲ ತಿಂಗಳುಗಳಲ್ಲಿ ಚುರುಕಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ಆದರೆ ಅಲ್ಲಿಗೆ ನಿಂತೇಹೋಗುವುದಿಲ್ಲ. ಇದು ಶೈಲಜಾಗೆ ನನಗಿಂತ ಚೆನ್ನಾಗಿ ಗೊತ್ತು. ಅದನ್ನೇ ಮಗನಿಗೂ ಹೇಳಿ ಎಂದೆ. ಜೊತೆಗೆ, ಮೇಷ್ಟರನ್ನೇ ಅವರಿಗೇನು ಬೇಕೆಂದು ಕೇಳಿ ಎಂದೆ.

ಮುಂದಿನ ಭೇಟಿಯಲ್ಲಿ ಮೇಷ್ಟರ ಉತ್ತರ ತಂದರು. "ನಡೆಯುವುದು ಆಮೇಲಾಗಲಿ ತಾಯಿ, ಸೊಸೆಯನ್ನು ಕರೆಯದೆ ಶೌಚಾಲಯಕ್ಕೆ ಹೋಗುವಂತಾದರೆ ಸಾಕು." ಇಷ್ಟು ದಿನ ಯಾರೂ ಅದನ್ನು ಕೇಳಿರಲಿಲ್ಲ. ಗುರಿ ಅಲ್ಲಿಂದ ಬದಲಾಯಿತು: ಮಂಚದ ಅಂಚಿನಲ್ಲಿ ಆಸರೆಯಿಲ್ಲದೆ ಕೂರುವುದು, ಎದ್ದು ನಿಲ್ಲುವುದು, ತಿರುಗಿ ಕೂರುವುದು. ಗೋಡೆಗೆ ಹಿಡಿಕೆ ಹಾಕಿಸಿದರು.

ಚಿಕಿತ್ಸಾಲಯದ ಮಾಲೀಕರ ಬಳಿ ದೂರು ಹೇಳುವ ಬದಲು ಲೆಕ್ಕ ಇಟ್ಟು ಮಾತನಾಡಿ ಎಂದು ಸೂಚಿಸಿದೆ. ಬೆಳಗ್ಗೆ ಎರಡು ಗಂಟೆಗಳ ಕಾಲ ನರರೋಗಿಗಳಿಗೆ ಮಾತ್ರ, ಒಬ್ಬರಾದ ಮೇಲೆ ಒಬ್ಬರು, ಅದಕ್ಕೆ ಪ್ರತ್ಯೇಕ ಶುಲ್ಕ. ಮಾಲೀಕರು ಒಂದು ಗಂಟೆಯ ಅವಧಿಗೆ ಒಪ್ಪಿದರು. ನೋಯುವ ಹೆಬ್ಬೆರಳನ್ನು ಸಹೋದ್ಯೋಗಿಗೆ ತೋರಿಸಲು ಶೈಲಜಾ ಬಹಳ ಸಂಕೋಚಪಟ್ಟರು. ಕೈಯಿಂದ ಚಿಕಿತ್ಸೆ ಕೊಡುವವರಲ್ಲಿ ಈ ನೋವು ತೀರಾ ಸಾಮಾನ್ಯ, ಆದರೂ ಮುಚ್ಚಿಡುತ್ತಾರೆ. ಕೊನೆಗೆ ತೋರಿಸಿದರು. ಮಂಚದ ಎತ್ತರ ಸರಿಪಡಿಸಿಕೊಂಡು, ಹೆಬ್ಬೆರಳಿನ ಬದಲು ಅಂಗೈ ಬುಡವನ್ನೂ ಮೊಣಕೈಯನ್ನೂ ಬಳಸತೊಡಗಿದರು.

ಕೆನಡಾದ ವಿಷಯದಲ್ಲಿ ನಾನು ಪರವಾಗಿಯೂ ಹೇಳಲಿಲ್ಲ, ವಿರುದ್ಧವಾಗಿಯೂ ಹೇಳಲಿಲ್ಲ. ನಿದ್ರೆಗೆಟ್ಟಿರುವಾಗ ಅಷ್ಟು ದೊಡ್ಡ ನಿರ್ಧಾರ ಬೇಡ, ನಿದ್ರೆ ಸರಿಹೋದ ಮೇಲೂ ಹೋಗಬೇಕೆನಿಸಿದರೆ ಧೈರ್ಯವಾಗಿ ಹೋಗಿ ಎಂದೆ. ನಿದ್ರಾಹೀನತೆ ಮುಂದುವರಿದರೆ ಮನೋವೈದ್ಯರನ್ನು ಕಾಣಬೇಕೆಂದೂ, ಅಪರಾತ್ರಿಯಲ್ಲಿ ಮನಸ್ಸು ತೀರಾ ಕುಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡುವವರು ಸಿಗುತ್ತಾರೆಂದೂ ತಿಳಿಸಿದೆ.

ಈಗ ಶೈಲಜಾಗೆ ನಿದ್ರೆ ಬರುತ್ತಿದೆ. ಅರ್ಜಿ ಇನ್ನೂ ಅರ್ಧಕ್ಕೇ ಇದೆ. ಸಂಜೆಯ ನಾಲ್ಕು ಮಂಚಗಳ ಗಡಿಬಿಡಿಯೂ ಹಾಗೆಯೇ ಇದೆ, ಅದರ ಬಗ್ಗೆ ಮಾಲೀಕರೊಂದಿಗೆ ಮತ್ತೊಮ್ಮೆ ಮಾತನಾಡುವ ತಯಾರಿಯಲ್ಲಿದ್ದಾರೆ.