ರಿಸೆಪ್ಶನ್‌ನಲ್ಲಿ ಕನ್ನಡಕ

ಹೆಸರು, ಕೆಲಸದ ಜಾಗ ಬದಲಿಸಿದ್ದೇನೆ. ಹುಡುಗಿಯನ್ನು ಸುಮಾ ಅನ್ನೋಣ. ವಯಸ್ಸು 24, ಮನೆ ಮುಂಬೈ ಹತ್ತಿರದ ಡೊಂಬಿವಲಿ, ಕೆಲಸ ಮುಂಬೈಯ ಅಂಧೇರಿಯ ಒಂದು ಹೋಟೆಲಿನ ಫ್ರಂಟ್ ಆಫೀಸಿನಲ್ಲಿ. ನಿದ್ದೆ ಬರುವುದಿಲ್ಲ, ಅಮ್ಮನ ಜೊತೆ ದಿನಾ ಜಗಳ ಎಂದು ನನ್ನ ಬಳಿ ಸಲಹೆಗೆ ಬಂದವಳು. ಕೂತ ಹತ್ತು ನಿಮಿಷದಲ್ಲಿ ಮೂರು ಸಲ ಕಣ್ಣೊರೆಸಿಕೊಂಡಳು. ಟಿಶ್ಯೂ ಡಬ್ಬ ಮುಂದಿಟ್ಟೆ.

"ಅಳು ಅಲ್ಲ ಮೇಡಂ, ಲೆನ್ಸ್" ಅಂದಳು.

ಪವರ್ ಮೈನಸ್ ಐದು. ಬೆಳಿಗ್ಗೆ ಐದೂವರೆಗೆ ಲೆನ್ಸ್ ಹಾಕಿ ಲೋಕಲ್ ಹತ್ತಿದರೆ ತೆಗೆಯುವುದು ರಾತ್ರಿ ಎಂಟಕ್ಕೆ. ನಡುವೆ ಇಡೀ ದಿನ ಏಸಿ ಗಾಳಿ. ಕಣ್ಣಿನ ಡಾಕ್ಟರು ಒಂದು ತಿಂಗಳು ಲೆನ್ಸ್ ಮುಟ್ಟಲೇಬೇಡ ಅಂದಿದ್ದರು. ಕನ್ನಡಕ ಹಾಕಿ ಹೋದ ದಿನವೇ ಮ್ಯಾನೇಜರ್ ಒಳಗೆ ಕರೆದು, "ಡೆಸ್ಕ್‌ನಲ್ಲಿ ಇದು ಚೆನ್ನಾಗಿ ಕಾಣಲ್ಲ" ಅಂದರಂತೆ. ಅದೇ ಡೆಸ್ಕ್‌ನಲ್ಲಿ ಪಕ್ಕಕ್ಕೆ ನಿಲ್ಲುವ ಹುಡುಗನದು ದಪ್ಪ ಕಪ್ಪು ಫ್ರೇಮಿನ ಕನ್ನಡಕ. ಸಿಬ್ಬಂದಿ ಹೇಗೆ ಕಾಣಬೇಕೆಂಬ ಹೋಟೆಲಿನ ಗ್ರೂಮಿಂಗ್ ಶೀಟನ್ನು ಫೋನಿನಲ್ಲಿ ತೋರಿಸಿದಳು. ಗಂಡಸರಿಗೆ ಐದು ಸಾಲು: ಗಡ್ಡ, ಉಗುರು, ಬೆಲ್ಟ್, ಶೂ, ಬೆವರು. ಹೆಂಗಸರಿಗೆ ಒಂದೂವರೆ ಪುಟ. ಲಿಪ್‌ಸ್ಟಿಕ್ಕಿನ ಮೂರು ಶೇಡ್‌ಗಳಿಗೆ ನಂಬರ್ ಸಮೇತ ಜಾಗ ಕೊಟ್ಟಿದ್ದರು. ಖರ್ಚು ಅವಳದೇ.

ಎರಡನೇ ಸಲ ಅಮ್ಮನೂ ಬಂದರು, ಕಾರ್ಕಳ ಕಡೆಯವರು. "ಕನ್ನಡಕ ತೆಗೆದ್ರೆ ಏನು ಹೋಗ್ತದೆ ಮೇಡಂ? ನೋಡ್ಲಿಕ್ಕೆ ಬರುವವರಿಗೂ ಒಳ್ಳೆದೇ." ಆಮೇಲೆ ಮಾತು ಮಗನ ಕಡೆ ಹೊರಳಿತು. ಎಂಟನೇ ಕ್ಲಾಸಿನವನು, ಧರ್ಮಸ್ಥಳಕ್ಕೆ ಮುಡಿ ಕೊಡುವ ಹರಕೆ, ಕೂದಲು ಭುಜ ಮುಟ್ಟಿತ್ತು. ಪಿಟಿ ಸರ್ ರಿಬ್ಬನ್ ಕಟ್ಟಿ ಹುಡುಗಿಯರ ಸಾಲಿನಲ್ಲಿ ನಿಲ್ಲಿಸಿದ್ದರಂತೆ. ಅಮ್ಮ ಮರುದಿನವೇ ಶಾಲೆಗೆ ಹೋಗಿ ಹೆಡ್ಮಾಸ್ತರರಿಂದ ತಪ್ಪೊಪ್ಪಿಸಿ ಬಂದಿದ್ದರು. (ಒಳ್ಳೆಯದೇ ಮಾಡಿದರು. ಮಗುವಿಗೆ ಮಾನಸಿಕ ಕಿರುಕುಳ ಕೊಡುವುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ.)

"ಅವನ ಕೂದಲಿಗೆ ಜಗಳ ಮಾಡಿದ್ರಿ. ನನ್ನ ಕಣ್ಣಿಗೆ ಅಡ್ಜಸ್ಟ್ ಮಾಡ್ಕೋ ಅಂತೀರಿ" ಎಂದಳು ಮಗಳು. ಸ್ವಲ್ಪ ಹೊತ್ತು ಬಿಟ್ಟು, "ಹುಡುಗಿಯರ ಸಾಲು ಶಿಕ್ಷೆ ಹೇಗಾಯ್ತು ಅಂತ ನೀವು ಕೇಳ್ಲೇ ಇಲ್ಲ."

ಅಮ್ಮ ಉತ್ತರಿಸಲಿಲ್ಲ. ನಾನೂ ನಡುವೆ ಬಾಯಿ ಹಾಕಲಿಲ್ಲ. ನಿದ್ದೆಗೆಟ್ಟದ್ದು ಮ್ಯಾನೇಜರನಿಂದ ಅಂತ ನಾನು ಅಂದುಕೊಂಡಿದ್ದೆ. ಇಲ್ಲ, ತನ್ನ ಕಡೆ ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಅವಳನ್ನು ಹೆಚ್ಚು ತಿಂದಿತ್ತು.

ಸಲಹೆಗೆ ಬಂದರೆ, ಮೊದಲು ಕಣ್ಣು. ಇವತ್ತಿನಿಂದಲೇ ಕನ್ನಡಕ, ಜೊತೆಗೆ ಡಾಕ್ಟರ ಚೀಟಿ. ಎರಡನೆಯದು, ಮ್ಯಾನೇಜರ್ ಬಾಯಲ್ಲಿ ಹೇಳಿದ್ದಕ್ಕೆ ಬಾಯಲ್ಲಿ ಉತ್ತರ ಕೊಡಬೇಡ. ಎಚ್‌ಆರ್‌ಗೆ ಮೇಲ್ ಹಾಕು, ಆರೋಪ ಬೇಡ, ಒಂದೇ ಪ್ರಶ್ನೆ ಸಾಕು: ಈ ಕನ್ನಡಕದ ನಿಯಮ ಎಲ್ಲ ಸಿಬ್ಬಂದಿಗೂ ಇದೆಯೇ? ಕೆಲಸ ಬಿಡುವ ಯೋಚನೆ ಉತ್ತರ ಬಂದ ಮೇಲೆ.

ಕಾನೂನಿನ ಬಗ್ಗೆ ಅವಳಿಗೆ ಸುಳ್ಳು ಧೈರ್ಯ ಕೊಡಲಿಲ್ಲ. ಸಂವಿಧಾನದ ಸಮಾನತೆಯ ಕಲಮುಗಳು ಹೆಚ್ಚಾಗಿ ಸರ್ಕಾರವನ್ನು ಕಟ್ಟಿಹಾಕುತ್ತವೆ, ಖಾಸಗಿ ಹೋಟೆಲನ್ನು ನೇರವಾಗಿ ಅಲ್ಲ. ಏರ್ ಇಂಡಿಯಾ ಸರ್ಕಾರಿಯಾಗಿದ್ದಾಗಲೂ ಸಿಕ್ಕಿದ್ದು ಅರ್ಧವೇ: ಮೊದಲ ಬಸಿರಿಗೇ ಗಗನಸಖಿಯರ ಕೆಲಸ ತೆಗೆಯುವ ನಿಯಮವನ್ನು 1981ರಲ್ಲಿ ಸುಪ್ರೀಂ ಕೋರ್ಟ್ ಹೊಡೆದುಹಾಕಿತು, ಮೊದಲ ನಾಲ್ಕು ವರ್ಷ ಮದುವೆ ಕೂಡದೆಂಬುದನ್ನು ಉಳಿಸಿತು. ಆದರೆ ಮ್ಯಾನೇಜರ್ ಮೈಕಟ್ಟಿನ ಬಗ್ಗೆ ಅಸಭ್ಯವಾಗಿ ಆಡಿದರೆ ಮಾತೇ ಬೇರೆ. ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ದೂರು ಕೇಳುವ ಆಂತರಿಕ ಸಮಿತಿ ಇರಲೇಬೇಕು, ಮೂರು ತಿಂಗಳೊಳಗೆ ದೂರು ಕೊಡಬೇಕು. ತಾರೀಖು ಹಾಕಿ ಬರೆದಿಡು ಅಂದೆ. 2019ರಲ್ಲಿ ಜಪಾನಿನ ಹೆಂಗಸರೂ ಕೆಲಸದಲ್ಲಿ ಕನ್ನಡಕ ಕೂಡದೆಂಬ ಇಂಥದೇ ನಿಯಮದ ವಿರುದ್ಧ ತಿರುಗಿಬಿದ್ದಿದ್ದರು ಎಂದಾಗ ಮೊದಲ ಬಾರಿ ನಕ್ಕಳು.

ಅಮ್ಮನಿಗೆ ಹೇಳಿದ್ದು ಇಷ್ಟೇ: ಎರಡು ವಾರ ಕನ್ನಡಕದ ಜೊತೆ ಮದುವೆ ಸುದ್ದಿ ಸೇರಿಸಬೇಡಿ.

ಎಚ್‌ಆರ್ ಉತ್ತರ ಹನ್ನೊಂದನೇ ದಿನ ಬಂತು. ವೈದ್ಯಕೀಯ ಕಾರಣಕ್ಕೆ ಮೂರು ತಿಂಗಳ ವಿನಾಯಿತಿ. ನಿಯಮ ಹಾಗೇ ಇದೆ. ಮೂರು ತಿಂಗಳಾದ ಮೇಲೆ ಮತ್ತೆ ಅದೇ ಪ್ರಶ್ನೆ ಕೇಳುತ್ತೇನೆ, ಈ ಸಲ ಇನ್ನಿಬ್ಬರು ಹುಡುಗಿಯರ ಸಹಿಯೂ ಇರುತ್ತದೆ ಎಂದು ಸುಮಾ ಮೆಸೇಜ್ ಮಾಡಿದ್ದಾಳೆ.

ಹೋದ ವಾರ ಅಮ್ಮನ ಫೋನ್. ಮಗಳ ಜೊತೆ ಕನ್ನಡಕದ ಅಂಗಡಿಯಲ್ಲಿದ್ದರು. "ಅವಳು ಕಪ್ಪು ಫ್ರೇಮೇ ಬೇಕು ಅಂತಾಳೆ ಮೇಡಂ. ಮುಖಕ್ಕೆ ಒಪ್ಪುದಿಲ್ಲ, ನೀವಾದ್ರೂ ಹೇಳಿ."