ಮೂರು ದಿನದಿಂದ ಅಲ್ಲಾಡದ ಬಸವನಹುಳು: ಎಸೆಯುವ ಮುಂಚೆ ಮೂಸಿ ನೋಡಿ

ನಿಮ್ಮ ಮಿಸ್ಟರಿ ಸ್ನೇಲ್, ಅಂದರೆ ಮೀನಿನ ಟ್ಯಾಂಕಿನಲ್ಲಿ ಸಾಕುವ ಬಸವನಹುಳು, ಮೂರು ದಿನದಿಂದ ಟ್ಯಾಂಕಿನ ತಳದಲ್ಲಿ ಬಾಗಿಲು ಮುಚ್ಚಿಕೊಂಡು ಬಿದ್ದಿದೆ, ಸತ್ತಿದೆಯಾ, ಎಸೆದುಬಿಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಎಸೆಯಬೇಡಿ. ಚಿಪ್ಪಿನ ಬಾಯಿಗಿರುವ ಆ ಕಂದು ಬಾಗಿಲನ್ನು ಬಿಗಿಯಾಗಿ ಎಳೆದು ಹಿಡಿಯೋಕೆ ಶಕ್ತಿ ಬೇಕು. ಸತ್ತ ಹುಳುವಿಗೆ ಆ ಹಿಡಿತ ಇರುವುದಿಲ್ಲ. ಬಾಗಿಲು ಸಡಿಲವಾಗುತ್ತದೆ, ಮೈ ಹೊರಗೆ ಜೋತುಬೀಳುತ್ತದೆ.

ಖಾತ್ರಿ ಆಗಬೇಕಾದರೆ ನೀರಿಂದ ಎತ್ತಿ ಮೂಸಿ ನೋಡಿ. ಸತ್ತಿದ್ದರೆ ತಡೆಯಲಾಗದಷ್ಟು ನಾತ ಹೊಡೆಯುತ್ತದೆ. ಹಾಗಿದ್ದರೆ ತಕ್ಷಣ ತೆಗೆದು, ಮೂರನೇ ಒಂದು ಭಾಗ ನೀರು ಬದಲಿಸಿ. ಕೊಳೆತ ಹುಳುವಿನಿಂದ ಅಮೋನಿಯಾ ಏರಿ ಮೀನುಗಳಿಗೂ ಕುತ್ತು. ಬರೀ ಪಾಚಿಯ ವಾಸನೆ ಇದ್ದರೆ ವಾಪಸ್ ಇಡಿ. ಬಾಗಿಲನ್ನು ಉಗುರಿನಿಂದ ಬಿಡಿಸಲು ಮಾತ್ರ ಹೋಗಬೇಡಿ.

ನಮ್ಮ ಮನೆಯ ಹಳದಿ ಹುಳು ಒಂದು ಡಿಸೆಂಬರ್‌ನಲ್ಲಿ ಐದು ದಿನ ಹೀಗೇ ಬಿದ್ದಿತ್ತು. 'ಅದು ಹೋಗಿದೆ ಕಣೋ, ಗಿಡದ ಬುಡಕ್ಕೆ ಹಾಕು' ಅಂದರು ಅಮ್ಮ. ಮೂಸಿದೆ, ನಾತ ಇರಲಿಲ್ಲ. ಟ್ಯಾಂಕ್ ಇದ್ದದ್ದು ಕಿಟಕಿ ಪಕ್ಕ. ಬೆಳಿಗ್ಗೆ ಥರ್ಮಾಮೀಟರ್ ಇಳಿಬಿಟ್ಟರೆ 18 ಡಿಗ್ರಿ! ಹೀಟರ್ ತಂದು, ಎರಡು ದಿನದಲ್ಲಿ ನಿಧಾನವಾಗಿ 24ಕ್ಕೆ ತಂದೆ. ಆ ರಾತ್ರಿ ಲೈಟ್ ಆರಿಸಿ ಟ್ಯಾಂಕ್ ಮುಂದೆ ಕೂತಿದ್ದೆ. ಬಾಗಿಲು ಕೂದಲೆಳೆಯಷ್ಟು ಸರಿಯಿತು. ಒಂದು ಗುಳ್ಳೆ ಮೇಲೆ ಹೋಯಿತು. ಆಮೇಲೆ ದಾರದಂಥ ಎರಡು ಮೀಸೆ ಹೊರಗೆ ಬಂದು ನೀರನ್ನು ತಡವಿದವು. ಸ್ವಲ್ಪ ಹೊತ್ತಿಗೆ ಗಾಜು ಹತ್ತಿ, ಉಸಿರಿನ ಕೊಳವೆಯನ್ನು ನೀರಿನ ಮೇಲಕ್ಕೆ ಚಾಚಿ, ಮೈಯನ್ನು ಹಿಂದೆ ಮುಂದೆ ಆಡಿಸುತ್ತಾ ಗಾಳಿ ಎಳೆದುಕೊಂಡಿತು. ನನಗೆ ಕಣ್ಣು ತುಂಬಿ ಬಂತು. ಈ ಹುಳುವಿಗೆ ಕಿವಿರೂ ಇದೆ, ಶ್ವಾಸಕೋಶವೂ ಇದೆ. ಅದಕ್ಕೇ ಟ್ಯಾಂಕನ್ನು ಕಂಠಮಟ್ಟ ತುಂಬಿಸಬೇಡಿ, ಮೇಲೆ ಎರಡು ಮೂರು ಇಂಚು ಬಿಡಿ. ಮುಚ್ಚಳವೂ ಇರಲಿ, ಹತ್ತಿ ಹೊರಗೆ ಬಿದ್ದುಬಿಡುತ್ತದೆ.

ಹಾಗಾಗಿ ಮೊದಲು ಚಳಿ ನೋಡಿ. ಬೆಂಗಳೂರಿನ ಜನವರಿ ರಾತ್ರಿಗಳಲ್ಲಿ ಹೀಟರ್ ಇಲ್ಲದ ಟ್ಯಾಂಕ್ ಬೇಗ ತಣ್ಣಗಾಗುತ್ತದೆ.

ಆಮೇಲೆ ನೀರು. ಇತ್ತೀಚೆಗೆ ನೀರು ಬದಲಿಸಿದ್ದೀರಾ? ನಲ್ಲಿಯ ಕಾವೇರಿ ನೀರಲ್ಲಿ ಕ್ಲೋರಿನ್ ಇರುತ್ತದೆ, ಆಂಟಿ ಕ್ಲೋರಿನ್ ಹಾಕದೆ ಸುರಿಯಬಾರದು. ಫಿಲ್ಟರ್ ಮಾಡಿದ ಆರ್‌ಒ ನೀರು ಶುದ್ಧ ಅಂತ ಅದನ್ನೇ ತುಂಬಿಸುವವರಿದ್ದಾರೆ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಚಿಪ್ಪು ಸವೆದು ಬೆಳ್ಳಗಾಗುತ್ತದೆ. ಪಾತ್ರೆಗೆ ಬಿಳಿ ಕಲೆ ಕಟ್ಟುತ್ತದೆ ಅಂತ ನಾವು ಬೈಯುವ ಬೋರ್‌ವೆಲ್ ಗಡಸು ನೀರೇ ಚಿಪ್ಪಿಗೆ ಒಳ್ಳೆಯದು. ನೀರು ಪರೀಕ್ಷಿಸುವ ಟೆಸ್ಟ್ ಕಿಟ್ ಇದ್ದರೆ ನೋಡಿ, ಹೊಲಸಿನಿಂದ ನೀರಲ್ಲಿ ಸೇರುವ ವಿಷಗಳಾದ ಅಮೋನಿಯಾ, ನೈಟ್ರೈಟ್ ಎರಡೂ 0 ಇರಬೇಕು. ಹೊಸ ಟ್ಯಾಂಕ್ ಆಗಿದ್ದರೆ ನನಗೆ ಮೊದಲ ಅನುಮಾನ ಇದರ ಮೇಲೇ.

ಇನ್ನೊಂದು ಮಾತು, ಇದನ್ನು ಮರೆಯಬೇಡಿ. ಮೀನಿನ ಬಿಳಿ ಚುಕ್ಕೆ ರೋಗಕ್ಕೆ ಅಥವಾ ಪಾಚಿಗೆ ಔಷಧಿ ಹಾಕಿದ್ದರೆ ಬಾಟಲಿಯ ಚೀಟಿ ಓದಿ. ಕೆಲವದರಲ್ಲಿ ತಾಮ್ರ ಇರುತ್ತದೆ, ಅಂದರೆ ನಮ್ಮ ತೋಟಗಳಲ್ಲಿ ಹೊಡೆಯುವ ಮೈಲುತುತ್ತದ ಜಾತಿಯದ್ದು. ಮೀನು ತಡೆದುಕೊಳ್ಳುತ್ತದೆ, ಬಸವನಹುಳು ತಡೆದುಕೊಳ್ಳುವುದಿಲ್ಲ. ಕೂಡಲೇ ಬೇರೆ ನೀರಿಗೆ ಹಾಕಿ.

ಇದ್ಯಾವುದೂ ಇಲ್ಲವಾ? ಹಾಗಾದರೆ ಸುಮ್ನೆ ಬಿಡಿ. ಶಿವಾಜಿನಗರದ ಅಂಗಡಿಯಿಂದ ಕವರ್‌ನಲ್ಲಿ ಕುಲುಕುತ್ತಾ ಬಂದ ಹುಳು ಕೆಲವು ದಿನ ಹೆದರಿ ಮುದುಡಿರುತ್ತದೆ. ಫೈಟರ್ ಮೀನು ಮೀಸೆ ಕಚ್ಚುತ್ತಿದ್ದರೂ ಹೀಗೇ. ಇದರ ಆಯಸ್ಸು ಸುಮಾರು ಒಂದೆರಡು ವರ್ಷ, ವಯಸ್ಸಾದದ್ದು ನಿಧಾನವೇ ಅಲ್ವಾ.

ಹೊರಗೆ ಬಂದ ದಿನ ಬೇಯಿಸಿದ ಪಾಲಕ್ ಎಲೆಯನ್ನೋ ಸೌತೆಕಾಯಿ ಬಿಲ್ಲೆಯನ್ನೋ ಪಕ್ಕದಲ್ಲಿಡಿ. ಲವ್ ಬರ್ಡ್ಸ್ ಗೂಡಿಗೆ ಕಟ್ಟುವ ಕಟಲ್‌ಬೋನ್ ಚೂರು ಹಾಕಿದರೆ ಕ್ಯಾಲ್ಸಿಯಂ ಸಿಗುತ್ತದೆ. ತಿಂದು ಮಿಕ್ಕ ತರಕಾರಿಯನ್ನು ಮಾತ್ರ ಬೆಳಿಗ್ಗೆಯೇ ತೆಗೆದುಬಿಡಿ, ಇಲ್ಲದಿದ್ದರೆ ನೀರು ಮತ್ತೆ ಕೆಡುತ್ತದೆ.