ಕೇಳಿ, ಹೇಳುತ್ತೇನೆ: ಮರದ ಪುಟ್ಟ ಹಡಗು ಕಟ್ಟುವವರಿಗೆ

ಮರದ ಹಡಗಿನ ಮಾದರಿ ಮಾಡುವ ಹವ್ಯಾಸದ ಬಗ್ಗೆ ಪ್ರಶ್ನೆ ಕಳಿಸಿ ಎಂದು ಕೇಳಿದ್ದೆವು. ಬಂದವುಗಳಲ್ಲಿ ಕೆಲವಕ್ಕೆ ಕುಮಟಾದ ಒಬ್ಬ ನಿವೃತ್ತ ಪಾಲಿಟೆಕ್ನಿಕ್ ಡ್ರಾಯಿಂಗ್ ಮೇಷ್ಟರು ಇಲ್ಲಿ ಉತ್ತರಿಸಿದ್ದಾರೆ.

ಬ್ಯಾಂಕ್ ಕೆಲಸದಿಂದ ಈಗಷ್ಟೇ ನಿವೃತ್ತನಾದೆ. ಎಚ್‌ಎಂಎಸ್ ವಿಕ್ಟರಿ ಹಡಗಿನ ಕಿಟ್ ತರಿಸಬೇಕೆಂದು ಬಹಳ ವರ್ಷದ ಆಸೆ. ಮರಗೆಲಸ ಗೊತ್ತಿಲ್ಲ. ತರಿಸಲೇ?
– ಓದುಗರು, ಶಿವಮೊಗ್ಗ

ಬೇಡ ಸರ್, ಈಗಲೇ ಬೇಡ. ಆಸೆ ಬಿಡಬೇಡಿ, ಆದರೆ ಮೊದಲ ಹಡಗು ಅದಾಗುವುದು ಬೇಡ.

1765ರಲ್ಲಿ ನೀರಿಗಿಳಿದ ಬ್ರಿಟಿಷ್ ಯುದ್ಧನೌಕೆ ವಿಕ್ಟರಿಗೆ ಹಾಯಿ ಕಟ್ಟುವ ಮೂರು ಕಂಬ, 104 ಫಿರಂಗಿ. ಅದರ ಹಗ್ಗವನ್ನೆಲ್ಲ ಸೇರಿಸಿದರೆ ಸುಮಾರು 26 ಮೈಲಿ ಆಗುತ್ತದೆ ಎನ್ನುತ್ತಾರೆ. 1:72 ಅಳತೆಯಲ್ಲಿ, ಅಂದರೆ ನಿಜದ 72ರಲ್ಲಿ ಒಂದು ಪಾಲಿನಷ್ಟು ಮಾಡಿದರೂ ಮಾದರಿ ಒಂದು ಮೀಟರಿಗಿಂತ ಉದ್ದ. ಅದಕ್ಕೊಂದು ಮೇಜು ಬೇಕು, ಧೂಳು ಕೂರದಂತೆ ಗಾಜಿನ ಪೆಟ್ಟಿಗೆ ಬೇಕು, ಮುಗಿಸಲು ವರ್ಷಗಳೇ ಬೇಕು. ಒಂದು ಫಿರಂಗಿ ಜೋಡಿಸುವುದು ಖುಷಿಯ ಕೆಲಸ. ಅದನ್ನೇ ಮತ್ತೆ ಮತ್ತೆ ಮಾಡುವಾಗ ಹೊಸಬರ ಕೈ ಸೋಲುತ್ತದೆ. ಇಷ್ಟು ಒಳ್ಳೆಯ ಹವ್ಯಾಸವನ್ನು ಎಷ್ಟೋ ಜನ ಬಿಟ್ಟಿದ್ದು ಹೀಗೆಯೇ.

ಗ್ರ್ಯಾಂಡ್ ಬ್ಯಾಂಕ್ಸ್ ಡೋರಿಯಿಂದ ಶುರು ಮಾಡಿ. ನ್ಯೂಫೌಂಡ್‌ಲ್ಯಾಂಡ್ ಕಡೆಯ ಸಮುದ್ರದಲ್ಲಿ ಕಾಡ್ ಮೀನು ಹಿಡಿಯಲು ಬಳಸುತ್ತಿದ್ದ ಚಪ್ಪಟೆ ತಳದ ದೋಣಿ ಅದು. 1:24 ಅಳತೆಯ ಕಿಟ್ ಸಿಗುತ್ತದೆ. ಹಲಗೆ ಕಡಿಮೆ, ಆದರೆ ಹಲಗೆ ಬಗ್ಗಿಸುವ, ಜೋಡಿಸುವ ಪಾಠ ಪೂರ್ತಿ ಇದೆ. ಅದರಲ್ಲಿ ಕೂರುವ ಹಲಗೆಗಳನ್ನು ಎತ್ತಿ ತೆಗೆಯಬಹುದು. ಯಾಕೆ ಗೊತ್ತಾ? ದೊಡ್ಡ ಹಡಗಿನ ಮೇಲೆ ಈ ದೋಣಿಗಳನ್ನು ಒಂದರೊಳಗೊಂದು ಇಟ್ಟು ಸಾಗಿಸುತ್ತಿದ್ದರು. ಕೂರುವ ಹಲಗೆ ಅಡ್ಡ ಇದ್ದರೆ ಒಂದರೊಳಗೊಂದು ಇಳಿಯುವುದಿಲ್ಲ. ಇದು ಗೊತ್ತಾದ ಮೇಲೆ ಆ ಹಲಗೆಗೆ ಗೋಂದು ಹಾಕಲು ನಿಮಗೇ ಮನಸ್ಸು ಬರುವುದಿಲ್ಲ. ಹಡಗಿನಲ್ಲಿ ಸುಮ್ನೆ ಇರುವ ತುಂಡು ಒಂದೂ ಇಲ್ಲ ಸರ್. ಕೈಗೆತ್ತಿಕೊಂಡ ಪ್ರತಿ ತುಂಡಿಗೂ ಏನು ಕೆಲಸ ಅಂತ ತಿಳಿದುಕೊಂಡು ಅಂಟಿಸಿ. ಅರ್ಧ ಕಲಿಕೆ ಅಲ್ಲೇ ಆಗುತ್ತದೆ.

ಅದಾದ ಮೇಲೆ ಒಂದು ಕಂಬದ ಹಾಯಿದೋಣಿ, ಆಮೇಲೆ ಎರಡು ಕಂಬದ್ದು. ವಿಕ್ಟರಿ ಎಲ್ಲಿಗೂ ಹೋಗುವುದಿಲ್ಲ.

ಹಲಗೆಪಟ್ಟಿಗಳು ನಡುಭಾಗದಲ್ಲಿ ಚೆನ್ನಾಗಿ ಕೂರುತ್ತವೆ. ಮೂತಿಯ ಹತ್ತಿರ ಒಂದರ ಮೇಲೊಂದು ಹತ್ತುತ್ತವೆ, ಇಲ್ಲವೇ ಮುರಿಯುತ್ತವೆ. ಹಡಗಿನ ಬೆನ್ನೆಲುಬೂ ಸ್ವಲ್ಪ ತಿರುಚಿದಂತಿದೆ. ಏನು ಮಾಡಲಿ?
– ಓದುಗರು, ಮೈಸೂರು

ಪಟ್ಟಿಯದು ತಪ್ಪಲ್ಲ, ಅಳತೆ ಹಾಕದೆ ಅಂಟಿಸಿದ್ದರಿಂದ ಹೀಗಾಗಿದೆ. ಹಡಗಿನ ಹೊಟ್ಟೆ ನಡುವೆ ಅಗಲ, ಮೂತಿಯಲ್ಲಿ ಸಣ್ಣ. ಕಿಟ್‌ನ ಪಟ್ಟಿ ಮಾತ್ರ ಉದ್ದಕ್ಕೂ ಒಂದೇ ಅಗಲ. ಕಿತ್ತಳೆ ತೊಳೆಯ ಹಾಗೆ ಅದನ್ನು ತುದಿಗೆ ಸಣ್ಣ ಮಾಡಿದರೇ ಜಾಗ ಸಾಲುವುದು.

ಒಂದು ಉದ್ದನೆಯ ಕಾಗದದ ಚೂರು ತೆಗೆದುಕೊಳ್ಳಿ. ಬೆನ್ನೆಲುಬಿಗೆ ಅಡ್ಡಲಾಗಿ ನಿಲ್ಲಿಸಿದ ಪಕ್ಕೆಗಳಲ್ಲಿ ಎಲ್ಲಕ್ಕಿಂತ ಅಗಲವಾದದ್ದರ ಅಂಚಿಗೆ ಅದನ್ನು ಸುತ್ತಿ. ಮೇಲಿನ ಡೆಕ್ಕಿನ ಗೆರೆಯಿಂದ ಕೆಳಗೆ ಬೆನ್ನೆಲುಬಿನವರೆಗೆ ಗುರುತು ಹಾಕಿ. 90 ಮಿ.ಮೀ. ಬಂತು ಅನ್ನಿ. ಪಟ್ಟಿ 5 ಮಿ.ಮೀ. ಅಗಲ ಇದ್ದರೆ 18 ಪಟ್ಟಿ ಬೇಕು. ಈಗ ಅದೇ ರೀತಿ ಮೂತಿಯ ಪಕ್ಕೆ ಅಳೆಯಿರಿ. ಅಲ್ಲಿ 54 ಬಂದರೆ ಅದೇ 18 ಪಟ್ಟಿ ಅಷ್ಟರಲ್ಲೇ ಹಿಡಿಸಬೇಕು. ಒಂದೊಂದಕ್ಕೆ 3 ಮಿ.ಮೀ. ಅಂದರೆ ಪ್ರತಿ ಪಟ್ಟಿಯನ್ನೂ ನಡುವಿನ 5ರಿಂದ ತುದಿಯ 3ಕ್ಕೆ ಇಳಿಸುತ್ತಾ ಕೆತ್ತಬೇಕು. ಇವೆರಡರ ನಡುವೆ ಬರುವ ಪಕ್ಕೆಗಳನ್ನೂ ಹೀಗೇ ಅಳೆದು, ಪ್ರತಿಯೊಂದರ ಅಂಚಿನಲ್ಲೂ ಪೆನ್ಸಿಲ್ ಗುರುತು ಹಾಕಿಬಿಡಿ. ಲೆಕ್ಕದಲ್ಲಿ ಪಟ್ಟಿ ಅರ್ಧಕ್ಕಿಂತ ಸಣ್ಣದಾಗುವಂತಿದ್ದರೆ ಅಷ್ಟು ಚೂಪು ಮಾಡಬೇಡಿ. ಆಗ ಮೂತಿ ತಲುಪುವ ಮೊದಲೇ ಒಂದು ಪಟ್ಟಿಯನ್ನು ನಿಲ್ಲಿಸಿ, ಪಕ್ಕದ ಪಟ್ಟಿಯಲ್ಲಿ ಕಚ್ಚು ಮಾಡಿ ಅದರ ತುದಿ ಸೇರಿಸುತ್ತಾರೆ. ನಿಜವಾದ ಹಡಗು ಕಟ್ಟುವವರೂ ಹೀಗೇ ಮಾಡುತ್ತಿದ್ದರು. ಹಲಗೆಯ ತುದಿ ಬಹಳ ಚೂಪಾದರೆ ಮೊಳೆ ಹಿಡಿಯಲು ಮರ ಸಾಲದು, ನೀರು ಸೋರುತ್ತದೆ. ಹಿಂಬದಿಯಲ್ಲಿ ಕೆಲವೊಮ್ಮೆ ಇದರ ತಿರುವುಮುರುವು: ಪಟ್ಟಿಗಳ ನಡುವೆ ಸಂದಿ ಬಿಡುತ್ತದೆ. ಅಲ್ಲಿ ಬೆಣೆ ಆಕಾರದ ಚೂರು ಕೂರಿಸಬೇಕು.

ಪಕ್ಕೆಗಳ ಅಂಚನ್ನು ಓರೆಯಾಗಿ ತಿಕ್ಕಿದ್ದೀರಾ? ಒಂದು ಪಟ್ಟಿಯನ್ನು ಮೂತಿಯಿಂದ ಹಿಂದಕ್ಕೆ ಸುಮ್ಮನೆ ಒತ್ತಿ ಹಿಡಿದು ನೋಡಿ. ಅದು ಪ್ರತಿ ಪಕ್ಕೆಯ ಪೂರ್ತಿ ದಪ್ಪಕ್ಕೂ ತಾಗಬೇಕು. ಬರೀ ಮೂಲೆಗೆ ತಾಗಿದರೆ ಇನ್ನೂ ತಿಕ್ಕಬೇಕು. ಈ ಕೆಲಸದಲ್ಲಿ ಅವಸರ ಬೇಡ. ಇಲ್ಲಿ ಉಳಿದ ಉಬ್ಬು ಕೊನೆಗೆ ಪಾಲಿಶ್ ಹಚ್ಚಿದ ಮೇಲೂ ಕಾಣುತ್ತದೆ.

ಬಗ್ಗಿಸುವ ಮೊದಲು ಪಟ್ಟಿಯನ್ನು ಕಾಲು ಗಂಟೆ ಬಿಸಿನೀರಿನಲ್ಲಿ ನೆನೆಸಿ. ಬಾಗಿಸಿ, ಬಟ್ಟೆ ಕ್ಲಿಪ್ಪು, ಗುಂಡುಪಿನ್ನು ಹಾಕಿ ಹಿಡಿಸಿ, ಒಣಗಲು ಬಿಡಿ. ಒದ್ದೆ ಪಟ್ಟಿಗೆ ಗೋಂದು ಹಾಕಿದರೆ ಒಣಗಿ ಕುಗ್ಗಿದಾಗ ಸಂದಿ ಬೀಳುತ್ತದೆ. ನಮ್ಮ ಕರಾವಳಿಯ ಮಳೆಗಾಲದಲ್ಲಂತೂ ಪೂರ್ತಿ ಒಂದು ರಾತ್ರಿ ಬಿಡಲೇಬೇಕು.

ಬೆನ್ನೆಲುಬು ತಿರುಚಿದ್ದು ಒಂದೇ ಬದಿಗೆ ಸಾಲಾಗಿ ಅಂಟಿಸಿದ್ದಕ್ಕೆ. ಎಡಕ್ಕೆ ಒಂದು ಪಟ್ಟಿ, ಬಲಕ್ಕೆ ಒಂದು, ಹೀಗೇ ಹೋಗಬೇಕು. ಈಗ ಅಂಟಿಸಿದ್ದು ಫೆವಿಕಾಲ್ ಆಗಿದ್ದರೆ ಬಿಚ್ಚಬಹುದು. ಬ್ರಷ್ಷಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಹಚ್ಚಿ ಸ್ವಲ್ಪ ಹೊತ್ತು ಬಿಡಿ. ಗೋಂದು ಮೆತ್ತಗಾಗುತ್ತದೆ, ತೆಳು ಬ್ಲೇಡು ತೂರಿಸಿದರೆ ಪಟ್ಟಿ ಬಿಡಿಸಿಕೊಳ್ಳುತ್ತದೆ. ಹತ್ತಿರ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ. ನಾಲ್ಕೈದು ಪಟ್ಟಿ ಬಿಚ್ಚಲು ಬೇಸರ ಮಾಡಿಕೊಳ್ಳಬೇಡಿ. ಹಡಗು ಉಳಿಯುತ್ತದೆ.

ಮಗನಿಗೆ 12 ವರ್ಷ. ಯುಟ್ಯೂಬ್ ನೋಡಿ ಹಡಗು ಮಾಡುತ್ತೇನೆ ಅಂತ ಹಟ. ಕೈಗೆ ಬ್ಲೇಡು ಕೊಡಲು ಭಯ.
– ಒಬ್ಬ ತಾಯಿ, ಹುಬ್ಬಳ್ಳಿ

ಕೊಡಿ ತಾಯಿ, ಆದರೆ ಪಕ್ಕದಲ್ಲಿ ಕೂತು ಕೊಡಿ. ಹೊಸ ಬ್ಲೇಡು ಮೊಂಡು ಬ್ಲೇಡಿಗಿಂತ ಸುರಕ್ಷಿತ. ಮೊಂಡಾದದ್ದನ್ನು ಒತ್ತಬೇಕಾಗುತ್ತದೆ, ಒತ್ತಿದಾಗಲೇ ಜಾರುವುದು. ಉಕ್ಕಿನ ಸ್ಕೇಲು ಇಟ್ಟು, ಒಂದೇ ಸಲ ಕತ್ತರಿಸದೆ ಹಗುರವಾಗಿ ಹಲವು ಸಲ ಎಳೆಯಲು ಹೇಳಿಕೊಡಿ. ಹಿಡಿದ ಕೈ ಯಾವತ್ತೂ ಬ್ಲೇಡಿನ ಹಿಂದಿರಲಿ. ಸ್ಯಾಂಡ್ ಪೇಪರ್ ತಿಕ್ಕುವಾಗ ಮಾಸ್ಕ್ ಹಾಕಿಸಿ. ಫೆವಿಕ್ವಿಕ್ ಬೇಡ, ಫೆವಿಕಾಲ್ ಸಾಕು.

ಹಡಗು ಕಟ್ಟುವುದು ತೇಗದಲ್ಲಿ ಅಲ್ವಾ? ಕಿಟ್ ಬಿಟ್ಟು ನಮ್ಮ ಊರಿನ ತೇಗದಲ್ಲೇ ಮಾದರಿ ಮಾಡಬಹುದೇ?
– ಓದುಗರು, ದಾಂಡೇಲಿ

ದೊಡ್ಡ ಹಡಗಿಗೆ ತೇಗಕ್ಕಿಂತ ಒಳ್ಳೆಯ ಮರ ಇಲ್ಲ. 1817ರಲ್ಲಿ ಮುಂಬೈಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಲ್ಲಿ ಕಟ್ಟಿದ ಎಚ್‌ಎಂಎಸ್ ಟ್ರಿಂಕೋಮಲಿ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇವತ್ತಿಗೂ ನೀರಿನ ಮೇಲಿದೆ. ನಮ್ಮ ಕಡೆಯ ಕಾಡಿನ ಮರ, ನಮ್ಮ ದೇಶದವರ ಕೈಕೆಲಸ, ಇನ್ನೂರು ವರ್ಷ ದಾಟಿದೆ. ಅದನ್ನು ನೆನೆದರೆ ನನಗೆ ಹೆಮ್ಮೆ.

ಆದರೆ ಮಾದರಿಗೆ ತೇಗ ಬೇಡ. ತೇಗವನ್ನು ಕತ್ತರಿಸಿ ಬೆಳಕಿಗೆ ಹಿಡಿದರೆ ಸಣ್ಣ ಸಣ್ಣ ರಂಧ್ರ ಬರಿಗಣ್ಣಿಗೇ ಕಾಣುತ್ತವೆ. ಕಾಲು ಮಿಲಿಮೀಟರಿನ ಒಂದು ರಂಧ್ರ 1:48ರ ಮಾದರಿಯಲ್ಲಿ ನಿಜದ 12 ಮಿಲಿಮೀಟರಿಗೆ ಸಮ. ಹಲಗೆ ತುಂಬಾ ಬೆರಳು ತೂರುವ ತೂತು ಇದ್ದ ಹಾಗಾಯಿತು! ನೋಡಿದ ತಕ್ಷಣ ಕಣ್ಣು ಇದು ಆಟಿಕೆ ಅನ್ನುತ್ತದೆ. ಅದಕ್ಕೇ ವಿದೇಶದವರು ಬಾಕ್ಸ್‌ವುಡ್, ಪೇರ್ ಮರದಂಥ ನುಣುಪು ಎಳೆಯ ಮರ ಬಳಸುತ್ತಾರೆ.

ನಮ್ಮಲ್ಲೂ ಅಂಥವು ಇವೆ. ಚನ್ನಪಟ್ಟಣದ ಗೊಂಬೆಗೆ ಬಳಸುವ ಆಲೆ ಮರ ಬೆಳ್ಳಗೆ, ನುಣುಪಾಗಿ ಇರುತ್ತದೆ. ಕೆತ್ತನೆಗೂ ಸೈ, ಹಲಗೆಗೂ ಸೈ. ಅರಿಸಿನ ತೇಗ ಹೆಸರಿಗೆ ತೇಗ, ಜಾತಿ ಬೇರೆ. ಹಳದಿ ಬಣ್ಣ, ಸಣ್ಣ ಎಳೆ. ಡೆಕ್ಕಿಗೆ ಬಹಳ ಚೆನ್ನ. ಕಪ್ಪು ಅಂಚುಗಳಿಗೆ ಬೀಟೆಯ ಚೂರು ಸಾಕು, ಪೀಠೋಪಕರಣ ಮಾಡುವ ಆಚಾರ್ರ ಹತ್ತಿರ ಕೇಳಿದರೆ ಸಿಗುತ್ತದೆ. ಹಲಗೆಗೆ ಹೊಡೆಯುವ ಮರದ ಮೊಳೆಗೆ ಬಿದಿರು. ಸಣ್ಣಗೆ ಸೀಳಿ, ಉಕ್ಕಿನ ತಟ್ಟೆಯಲ್ಲಿ ಕೊರೆದ ತೂತುಗಳಲ್ಲಿ ದೊಡ್ಡದರಿಂದ ಸಣ್ಣದಕ್ಕೆ ಒಂದೊಂದಾಗಿ ಎಳೆಯುತ್ತಾ ಬಂದರೆ ದಾರದಷ್ಟು ತೆಳ್ಳಗಿನ ಗುಂಡು ಕಡ್ಡಿ ಸಿಗುತ್ತದೆ. ಈ ಕೆಲಸಕ್ಕೆ ಬಿದಿರಿನಷ್ಟು ಒಗ್ಗುವುದು ಬೇರೊಂದಿಲ್ಲ.

ಹಗ್ಗಕ್ಕೆ ಹಾಕಿದ ದಾರ ನೂಲು ನೂಲಾಗಿ ಎದ್ದು ಕಾಣುತ್ತದೆ. ಬಣ್ಣ ಯಾವುದಿರಬೇಕು?
– ಓದುಗರು, ಬೆಂಗಳೂರು

ಜೇನುಮೇಣದ ಉಂಡೆಯ ಮೇಲೆ ದಾರವನ್ನು ಎರಡು ಮೂರು ಸಲ ಎಳೆದು, ಬೆರಳ ನಡುವೆ ಉಜ್ಜಿ. ನೂಲು ಮಲಗುತ್ತದೆ. ಬಣ್ಣ ಹಗ್ಗದ ಕೆಲಸ ನೋಡಿ ಇರಬೇಕು. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳು ಯಾವಾಗಲೂ ಕಟ್ಟಿದಲ್ಲೇ ಇರುತ್ತವೆ. ಬಿಸಿಲು ಮಳೆಗೆ ಹಾಳಾಗದಿರಲಿ ಎಂದು ಅವಕ್ಕೆ ಟಾರು ಬಳಿಯುತ್ತಿದ್ದರು, ಹಾಗಾಗಿ ಕಪ್ಪು ಇಲ್ಲವೇ ಗಾಢ ಕಂದು. ಹಾಯಿ ಎತ್ತಿ ಇಳಿಸುವ ಹಗ್ಗ ಕೈಯಲ್ಲಿ, ರಾಟೆಯಲ್ಲಿ ಓಡಬೇಕು. ಅದು ತಿಳಿ ಕಂದು. ಬದಿಯ ಹಗ್ಗದ ಏಣಿಯಲ್ಲಿ ಮೆಟ್ಟಿಲಿನ ಅಂತರ ನಿಜದಲ್ಲಿ 13 ಇಂಚಿನ ಆಸುಪಾಸು, ನಾವಿಕ ಒಂದು ಹೆಜ್ಜೆ ಏರುವಷ್ಟು. 1:48ರಲ್ಲಿ ಅದು 7 ಮಿ.ಮೀ. ಇದಕ್ಕಿಂತ ದೂರ ಕಟ್ಟಿದರೆ ನಿಮ್ಮ ಪುಟ್ಟ ನಾವಿಕ ಹತ್ತಲಾರ.

ನಾನು ಪಿಯುಸಿ ವಿದ್ಯಾರ್ಥಿನಿ. ಎಲ್ಲ ಕಿಟ್‌ಗಳೂ ವಿದೇಶದ ಹಡಗಿನವು. ನಮ್ಮ ಕಡೆಯ ದೋಣಿ ಮಾಡಬೇಕು ಅಂದರೆ ನಕ್ಷೆ ಎಲ್ಲಿ ಸಿಗುತ್ತದೆ ಸರ್?
– ಕಾರವಾರ

ತಂಗೀ, ನಿನ್ನ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಿನ್ನ ಊರಲ್ಲೇ ಇದಕ್ಕೊಂದು ದೊಡ್ಡ ಉದಾಹರಣೆ ಇದೆ. ಐಎನ್‌ಎಸ್‌ವಿ ಕೌಂಡಿನ್ಯ ಎಂಬ ಹಾಯಿಹಡಗು 2025ರ ಮೇ ತಿಂಗಳಲ್ಲಿ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಅಜಂತಾದ 5ನೇ ಶತಮಾನದ ಚಿತ್ರ ನೋಡಿ, ಗೋವಾದಲ್ಲಿ ಕೇರಳದ ಕುಶಲಕರ್ಮಿಗಳು ಕಟ್ಟಿದ ಹಡಗು. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿದ್ದಾರೆ. ಚುಕ್ಕಾಣಿಯ ಬದಲು ತಿರುಗಿಸಲು ದೊಡ್ಡ ಹುಟ್ಟುಗಳಿವೆ. ಅಂಥ ಹಡಗಿನ ನಕ್ಷೆ ಯಾರ ಹತ್ತಿರವೂ ಇರಲಿಲ್ಲ. ಸಮುದ್ರದಲ್ಲಿ ಅದು ಹೇಗೆ ನಡೆದುಕೊಳ್ಳುತ್ತದೆ ಅಂತ ತಿಳಿಯಲು ಐಐಟಿ ಮದ್ರಾಸಿನಲ್ಲಿ ಪರೀಕ್ಷಿಸಿದ್ದು ಏನನ್ನು ಗೊತ್ತಾ? ಪುಟ್ಟ ಮಾದರಿಯನ್ನು.

ನೀನು ಅಷ್ಟು ದೊಡ್ಡದಕ್ಕೆ ಕೈ ಹಾಕಬೇಡ. ದಂಡೆಯ ಮೇಲೆ ಎಳೆದಿಟ್ಟ ಒಂದು ಪಾತಿ ದೋಣಿ ಆರಿಸಿಕೋ. ಮೊದಲು ಯಜಮಾನರನ್ನು ಕೇಳು. ಯಾಕೆ ಅಂತ ಹೇಳಿದರೆ ಅವರೇ ಮುಂದೆ ನಿಂತು ತೋರಿಸುತ್ತಾರೆ, ಯಾವ ಹಲಗೆ ಯಾಕೆ ಅಂತ ಅವರಿಗಿಂತ ಚೆನ್ನಾಗಿ ಹೇಳುವವರಿಲ್ಲ. ಮೂತಿಯಿಂದ ಹಿಂಬದಿಯವರೆಗೆ ನಟ್ಟನಡುವೆ ಒಂದು ದಾರ ಬಿಗಿಯಾಗಿ ಕಟ್ಟು. ಅದರ ಮೇಲೆ ಅರ್ಧ ಮೀಟರಿಗೊಂದು ಗುರುತು ಮಾಡು. ಪ್ರತಿ ಗುರುತಿನಲ್ಲೂ ತೂಕದ ಗುಂಡು ಇಳಿಬಿಟ್ಟು ತಳಕ್ಕೆ ಎಷ್ಟು ಆಳ ಅಂತ ಅಳೆ. ಆಮೇಲೆ ಆ ನೇರ ಗೆರೆಯಿಂದ ಬದಿಗೆ ಎಷ್ಟು ದೂರ ಅಂತ ಮೂರು ಎತ್ತರದಲ್ಲಿ ಅಳೆದು ಬರೆದುಕೋ. ಒಂದು ಬದಿ ಸಾಕು, ಇನ್ನೊಂದು ಬದಿಯಲ್ಲಿ ಒಂದೆರಡು ಕಡೆ ತಾಳೆ ನೋಡು. ಹಲಗೆಯ ದಪ್ಪ ಬೇರೆ ಬರೆದಿಡು, ಇವೆಲ್ಲ ಒಳಗಿನ ಅಳತೆ. 6 ಮೀಟರಿನ ದೋಣಿ 1:20ರಲ್ಲಿ 30 ಸೆಂ.ಮೀ. ಆಗುತ್ತದೆ, ಮೊದಲ ಮಾದರಿಗೆ ಒಳ್ಳೆಯ ಗಾತ್ರ.

ಗ್ರಾಫ್ ಹಾಳೆಯ ಮೇಲೆ ಮೂತಿ, ನಡು, ಹಿಂಬದಿ, ಈ ಮೂರು ಕಡೆ ದೋಣಿಯನ್ನು ಅಡ್ಡಕ್ಕೆ ಕೊಯ್ದರೆ ಕಾಣುವ ಆಕಾರ ಬರೆದು ಪತ್ರಿಕೆಯ ವಿಳಾಸಕ್ಕೆ ಕಳಿಸು. ಎಲ್ಲಿ ಅಳತೆ ಕೂಡುತ್ತಿಲ್ಲ ಅಂತ ಕೆಂಪು ಪೆನ್ನಿನಲ್ಲಿ ಗುರುತು ಮಾಡಿ ವಾಪಸ್ ಕಳಿಸುತ್ತೇನೆ. ಆಮೇಲೆ ಮರ ಕತ್ತರಿಸು.